ವನಗೋಚರರ ಸಾಕ್ಷ್ಯ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸೀಮಾವಿವಾದವೆಂಬ ಪ್ರಕರಣವೊಂದುಂಟು. ಗಡಿಯ ವಿಷಯವಾಗಿ ಕಲಹ ಹುಟ್ಟಿದಲ್ಲಿ ಅದನ್ನು ಯಾರ ಮಾತಿನ ಮೇಲೆ ನಿರ್ಣಯಿಸತಕ್ಕದ್ದೆಂಬುದನ್ನು ಹೇಳುವಾಗ ಸ್ಮೃತಿಕಾರನು ನೆರೆಯವರು, ವೃದ್ಧರು, ದನಗಾಹಿಗಳು, ಗಡಿಯಂಚಿನಲ್ಲಿ ಉಳುವವರು ಇವರನ್ನೆಲ್ಲ ಎಣಿಸಿ, ಕಟ್ಟಕಡೆಗೆ ವನಗೋಚರರೆಲ್ಲರನ್ನೂ ಸೇರಿಸಿರುವನು. ಪಾಠಶಾಲೆಯಲ್ಲಿ ಗುರುಗಳ ಮುಂದೆ ಮಿತಾಕ್ಷರೆಯನ್ನು ಓದಿದ ಕಾಲದಲ್ಲಿ ಈ ಪದಕ್ಕೆ ಅರ್ಥ ಹೇಳಿ ಮುಂದೆ ಸಾಗಿದೆನೇ ಹೊರತು ಅದರ ಬಳಿ ನಾನು ನಿಂತವನಲ್ಲ. ಮೂವತ್ತೈದು ವರ್ಷಗಳ ಮೇಲೆ, ಜಯನಗರದ ಒಂದು ನ್ಯಾಯವಿದ್ಯಾಶಾಲೆಯ ತರಗತಿಯಲ್ಲಿ, ಸಂಸ್ಕೃತಾಭ್ಯಾಸವಿಲ್ಲದ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಅಲ್ಲಿ ನಿಲ್ಲಿಸಿದಳು. ಪ್ರಕೃತ ಲೇಖನವು ಆ ನಿಲುಗಡೆಯಿಂದ ಹುಟ್ಟಿತು.

ಆ ವಿದ್ಯಾಶಾಲೆಯಲ್ಲಿ ಆದಿವಾಸಿಗಳನ್ನೂ ನ್ಯಾಯವ್ಯವಸ್ಥೆಯನ್ನೂ ಕುರಿತು ವಿಶ್ವವಿದ್ಯಾನಿಲಯದ ಒಂದು ಐಚ್ಛಿಕ ಪಾಠಕ್ರಮವನ್ನು ನಡೆಸುವರು. ನವೀನ ಕಾಯಿದೆಗಳನ್ನು ಬೋಧಿಸುವವರು ಬೇರೆ ಇರುವರು; ಪ್ರಾಚೀನ ವ್ಯವಹಾರಶಾಸ್ತ್ರವು ಅರಣ್ಯವಾಸಿಗಳನ್ನು ಹೇಗೆ ಕಂಡಿತೆಂಬ ಆರು ಉಪನ್ಯಾಸಗಳಿಗೆ ಮಾತ್ರ ನನ್ನನ್ನು ಕರೆದಿದ್ದರು. ವಿಷಯವು ಎರಡು ಉಪನ್ಯಾಸಗಳಿಗೂ ಸಾಲದೆಂಬ ಅಂಜಿಕೆಯಿಂದಲೇ ನಾನು ಒಪ್ಪಿದೆನು. ಶಾಲೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ೧೯೪೮ರಲ್ಲಿ ಜಯನಗರದ ಸ್ಥಾಪನೆಯ ನೆನಪಿಗೆ ನಿಂತ ಅಶೋಕಸ್ತಂಭವಿದೆ. ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಕಳಿಂಗದ ಪಶ್ಚಾತ್ತಾಪವನ್ನು ಹೇಳಿಕೊಂಡ ಅದೇ ಅರಸನು ಅಟವೀವಾಸಿಗಳ ಮಾತು ಬಂದಾಗ ಸಾಂತ್ವನದೊಡನೆ ಬೆದರಿಕೆಯನ್ನೂ ಬೆರೆಸಿರುವನೆಂಬುದನ್ನು ಮೊದಲನೆಯ ದಿನ ಪೀಠಿಕೆಯಾಗಿ ಹೇಳಿದೆನು.

ಹೆಸರಿನ ವಿಚಾರವನ್ನು ಬೇಗನೆ ಮುಗಿಸುವೆನು. ಆದಿವಾಸಿ ಎಂಬ ಶಬ್ದವು ನಮ್ಮ ಕೋಶಗಳಲ್ಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದದ್ದು. ಅಮರಸಿಂಹನು ಕಿರಾತ, ಶಬರ, ಪುಲಿಂದ ಎಂಬ ಭೇದಗಳನ್ನು ಮ್ಲೇಚ್ಛಜಾತಿಗಳೆಂದು ಎಣಿಸಿ ಸುಮ್ಮನಾಗಿರುವನು. ರಾಜ್ಯಾಂಗವು ಪರಿಶಿಷ್ಟ ಪಂಗಡವೆಂದಿತು. ಜನರು ಗಿರಿಜನರೆಂದೂ ಬುಡಕಟ್ಟಿನವರೆಂದೂ ಕರೆದರು. ವನಗೋಚರನೆಂಬ ಸ್ಮೃತಿಯ ಪದದಲ್ಲಿ ನಿಂದೆಯೂ ಇಲ್ಲ, ಸ್ತುತಿಯೂ ಇಲ್ಲ. ಕಾಡಿನಲ್ಲಿ ಸಂಚರಿಸಿ ಕಾಡನ್ನು ಬಲ್ಲವನೆಂಬುದಷ್ಟೇ ಅದರ ಅರ್ಥ. ಈ ಲೇಖನಕ್ಕೆ ಅದೇ ಸಾಕು.

ಇನ್ನು ಪ್ರಕೃತಕ್ಕೆ ಬರೋಣ. ಮನುವು ಇದೇ ಸಂದರ್ಭದಲ್ಲಿ ಇನ್ನೂ ವಿಸ್ತಾರವಾಗಿ ಮಾತನಾಡಿರುವನು. ನೆರೆಯ ಗ್ರಾಮದವರು ದೊರೆಯದೆ ಹೋದರೆ ಬೇಡರು, ಹಕ್ಕಿ ಹಿಡಿಯುವವರು, ಗೋವಳರು, ಮೀನುಗಾರರು, ಗೆಡ್ಡೆಗೆಣಸು ಅಗೆಯುವವರು, ಹಾವು ಹಿಡಿಯುವವರು, ಹಕ್ಕಲಾಯುವವರು ಮತ್ತು ಇತರ ವನಚಾರಿಗಳನ್ನು ಕೇಳಿ ಗಡಿಯನ್ನು ನಿಲ್ಲಿಸಬೇಕೆಂದು ಅವನ ವಿಧಿ. ಸಾಕ್ಷಿಪ್ರಕರಣದಲ್ಲಿ ಯಾರು ಸಾಕ್ಷಿಗೆ ಅನರ್ಹರೆಂಬ ದೀರ್ಘವಾದ ಪಟ್ಟಿಯನ್ನು ಕೊಟ್ಟ ಗ್ರಂಥವೇ, ನೆಲದ ಎಲ್ಲೆಯ ವಿಷಯ ಬಂದಾಗ ಇವರ ಬಾಗಿಲಿಗೆ ಹೋಗುವುದು ಗಮನಾರ್ಹವಾಗಿದೆ. ಕಾರಣವೂ ಸ್ಪಷ್ಟವೇ. ಬೂದಿ, ಇದ್ದಿಲು, ಮೂಳೆ, ಹೊಟ್ಟು, ಕಲ್ಲು ಇವುಗಳನ್ನು ಗಡಿಯುದ್ದಕ್ಕೂ ಹೂಳಿಡುವ ಪದ್ಧತಿಯನ್ನು ಸ್ಮೃತಿಗಳು ಹೇಳುತ್ತವೆ. ಹೂಳಿದ ಗುರುತನ್ನು ಬಲ್ಲವನು ನೆಲವನ್ನು ಅಗೆಯುವವನೇ ಹೊರತು ಓಲೆಯನ್ನು ಬರೆಯುವವನಲ್ಲ. ಗಡಿಯನ್ನು ತೋರಿಸುವವರು ಕೆಂಪು ಹೂಮಾಲೆಯನ್ನೂ ಕೆಂಪು ಬಟ್ಟೆಯನ್ನೂ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು, ಎಲ್ಲೆಯ ಉದ್ದಕ್ಕೂ ನಡೆಯಬೇಕೆಂಬುದು ವಿಧಿ. ಇಲ್ಲಿ ಸಾಕ್ಷ್ಯವೆಂದರೆ ನುಡಿಯುವುದಷ್ಟೇ ಅಲ್ಲ, ನಡೆಯುವುದೂ ಹೌದು.

ಇದಕ್ಕಿಂತ ಮಿಗಿಲಾದ ವಚನವೊಂದು ಬೃಹಸ್ಪತಿಯದು. ಈ ಸ್ಮೃತಿಯು ಸಮಗ್ರವಾಗಿ ದೊರೆತಿಲ್ಲ. ನಿಬಂಧಕಾರರು ಎತ್ತಿಕೊಂಡ ವಚನಗಳನ್ನು ಕೂಡಿಸಿ ಕೆ. ವಿ. ರಂಗಸ್ವಾಮಿ ಅಯ್ಯಂಗಾರ್ಯರು ೧೯೪೧ರಲ್ಲಿ ಬಡೋದೆಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಸೈನಿಕರ ವ್ಯಾಜ್ಯಕ್ಕೆ ಸೇನೆಯಲ್ಲಿ, ವರ್ತಕರ ವ್ಯಾಜ್ಯಕ್ಕೆ ಸಾರ್ಥದಲ್ಲಿ ಧರ್ಮಸಭೆಯು ಕೂಡಬೇಕೆಂದು ಹೇಳುವ ವಚನವು ಅರಣ್ಯಚರರಿಗೆ ಅರಣ್ಯದಲ್ಲಿಯೇ ಸಭೆಯು ಕೂಡತಕ್ಕದ್ದೆಂದು ವಿಧಿಸುತ್ತದೆ. ವಾದಿಯು ಸಭೆಯನ್ನು ಹುಡುಕಿಕೊಂಡು ಹೋಗುವುದಲ್ಲ, ಸಭೆಯೇ ವಾದಿಯಿದ್ದೆಡೆಗೆ ಬರುವುದೆಂಬ ಈ ಭಾವವನ್ನು ತರಗತಿಯಲ್ಲಿ ವಿವರಿಸಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತೆಂದು ಒಪ್ಪಿಕೊಳ್ಳುವೆನು. ಮರುಕ್ಷಣವೇ ಕೌಟಿಲ್ಯನು ನೆನಪಿಗೆ ಬಂದು ಹೆಮ್ಮೆಯನ್ನು ತಗ್ಗಿಸಿದನು. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ, ಕಳ್ಳರು ಹೆಚ್ಚು ಕೇಡಿಗರೋ ಆಟವಿಕರೋ ಎಂಬ ಚರ್ಚೆಯುಂಟು. ಆಚಾರ್ಯರು ಕಳ್ಳರೆಂದರೆ ಕೌಟಿಲ್ಯನು ಆಟವಿಕರೇ ಎನ್ನುವನು. ಅವನು ಕೊಡುವ ಕಾರಣವಾದರೋ ಅವರು ತಮ್ಮ ದೇಶದಲ್ಲಿ ತಾವು ನೆಲೆಸಿ, ಮರೆಮಾಡದೆ ಹೋರಾಡಿ, ಅರಸರಂತೆ ನಡೆದುಕೊಳ್ಳುವರೆಂಬುದು. ಶತ್ರುವಿನ ಬಾಯಿಂದ ಬಂದ ಈ ಮಾತು ಅವರಿಗೊಂದು ದೇಶವಿತ್ತೆಂಬುದನ್ನು ಒಪ್ಪಿಕೊಂಡಂತೆ ಆಗುವುದಲ್ಲವೆ?

ಆಗಲೇ ಆ ವಿದ್ಯಾರ್ಥಿನಿಯು ಕೇಳಿದಳು: "ತಾವು ಹೇಳಿದ ವನಗೋಚರರು ಊರಿನವರ ಗಡಿಗೆ ಸಾಕ್ಷಿಗಳು. ಅವರದೇ ಕಾಡಿಗೆ ಯಾರಾದರೂ ಎಲ್ಲೆ ಹಾಕಿದರೆ ಅವರು ವಾದಿಗಳಾಗಿ ನಿಲ್ಲಬಹುದೇ? ನಿಂತರೆ ಅವರಿಗೆ ಸಾಕ್ಷಿ ಯಾರು?" ನನಗೆ ಆ ದಿನ ಉತ್ತರ ತೋರಲಿಲ್ಲ. ಗಂಟೆ ಹೊಡೆದದ್ದು ಉಪಕಾರವಾಯಿತು.

ಮನೆಗೆ ಬಂದು ಭುಕ್ತಿಪ್ರಕರಣವನ್ನು ತೆಗೆದೆನು. ಲಿಖಿತ, ಭುಕ್ತಿ, ಸಾಕ್ಷಿಗಳೆಂದು ಮಾನುಷಪ್ರಮಾಣಗಳು ಮೂರೆಂಬುದು ವಿದ್ವಾಂಸರಿಗೆ ವಿದಿತವೇ. ಇವುಗಳಲ್ಲಿ ಆಗಮ, ಎಂದರೆ ಸ್ವತ್ತು ಬಂದ ನ್ಯಾಯವಾದ ದಾರಿಯು, ಭೋಗಕ್ಕಿಂತ ಬಲವಾದದ್ದು. ಆದರೆ ಪೂರ್ವಿಕರ ಕ್ರಮದಿಂದ ಬಂದ ಭೋಗವೊಂದು ಇದಕ್ಕೆ ಅಪವಾದವೆಂದು ಯಾಜ್ಞವಲ್ಕ್ಯನು ಹೇಳುವನು. ಇದಕ್ಕೆ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ; ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ಇದ್ದವನು. ಮೂರು ತಲೆಮಾರಿನ ಭೋಗವೆಂಬ ಮಾತನ್ನು ಅವನು ಅಕ್ಷರಶಃ ತೆಗೆದುಕೊಳ್ಳಲಿಲ್ಲ. ಒಂದೇ ವರ್ಷದೊಳಗೆ ಮೂವರು ಪುರುಷರು ತೀರಿಕೊಂಡರೆ ಎರಡನೆಯ ವರ್ಷಕ್ಕೇ ಆಗಮವಿಲ್ಲದ ಭೋಗವು ಪ್ರಮಾಣವಾಗಿ ಹೋದೀತು, ಆದುದರಿಂದ ಮೂರು ಪುರುಷರೆಂಬುದು ಮನುಷ್ಯರ ಸ್ಮರಣೆಗೆ ಮೀರಿದ ಕಾಲಕ್ಕೆ ಸೂಚಕವೆಂದೂ, ಸ್ಮರಣೆಗೆ ನಿಲುಕುವ ಕಾಲವು ನೂರು ವರ್ಷವೆಂದೂ ಅವನ ಸಿದ್ಧಾಂತ. ಅಷ್ಟು ಹಿಂದಿನಿಂದ ಎಡೆಬಿಡದೆ ಬಂದ ಭೋಗಕ್ಕೆ ಪತ್ರವನ್ನು ಕೇಳತಕ್ಕದ್ದಲ್ಲ. ಕಾಡಿನವರಿಗೆ ಇದಕ್ಕಿಂತ ಒಳ್ಳೆಯ ವಕೀಲನು ಬೇಕೇ ಎಂದುಕೊಂಡೆನು.

ಮುಂದಿನ ತರಗತಿಯಲ್ಲಿ ಇದನ್ನು ಹೇಳಿದಾಗ, ಸ್ಮೃತಿಯ ಭಾಷಾಂತರವನ್ನು ಓದಿಕೊಂಡು ಬಂದಿದ್ದ ಮತ್ತೊಬ್ಬ ವಿದ್ಯಾರ್ಥಿಯು ಎದ್ದು, ಅದೇ ಪ್ರಕರಣದಲ್ಲಿ ಎರಡು ಶ್ಲೋಕ ಹಿಂದೆ, ಒತ್ತೆ, ಗಡಿ, ನ್ಯಾಸ, ಬಾಲಕರ ಸ್ವತ್ತು, ಸ್ತ್ರೀಧನ, ಶ್ರೋತ್ರಿಯರ ಧನ ಇವುಗಳ ಜೊತೆಗೆ ರಾಜಧನವೂ ಪರರ ಭೋಗದಿಂದ ನಷ್ಟವಾಗದೆಂದು ಇದೆಯಲ್ಲವೆ, ಕಾಡು ರಾಜನದಾದರೆ ನೂರು ವರ್ಷದ ಭೋಗದಿಂದ ಏನು ಪ್ರಯೋಜನವೆಂದನು. ಆಕ್ಷೇಪವು ಸರಿಯಾದದ್ದೇ. ಹಾಗಾದರೆ ವಿವಾದವೆಲ್ಲ ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ: ಕಾಡು ರಾಜನದೇ?

ಇಲ್ಲಿ ಧರ್ಮಶಾಸ್ತ್ರವು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ರಾಜನು ಭೂಸ್ವಾಮಿಯೆಂದು ಕಾತ್ಯಾಯನನು ಹೇಳುವನು. ಆದರೆ ಮೀಮಾಂಸಕರ ಮತ ಬೇರೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಸಾರ್ವಭೌಮನು ಯಾಗ ಮಾಡಿದರೆ ಭೂಮಿಯನ್ನೂ ಕೊಡಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಕೊಡಲಾಗದು, ಭೂಮಿಯು ಎಲ್ಲರಿಗೂ ಸಮಾನವಾದದ್ದೆಂದು ಜೈಮಿನಿಯು ಆರನೆಯ ಅಧ್ಯಾಯದಲ್ಲಿ ನಿರ್ಣಯಿಸಿರುವನು. ವಿಜಯನಗರದ ಮಾಧವಾಚಾರ್ಯರು ನ್ಯಾಯಮಾಲಾವಿಸ್ತರದಲ್ಲಿ ಇದನ್ನು ಬಿಡಿಸಿ, ರಾಜನ ಒಡೆತನವು ದುಷ್ಟಶಿಕ್ಷಣ ಶಿಷ್ಟಪರಿಪಾಲನೆಗಳಿಗೆ ಮಾತ್ರ, ಭೂಮಿಯಾದರೋ ತಮ್ಮ ತಮ್ಮ ಕರ್ಮಫಲವನ್ನು ಅನುಭವಿಸುವ ಸಕಲ ಪ್ರಾಣಿಗಳಿಗೂ ಸಾಧಾರಣವಾದ ಧನವೆಂದಿರುವರು. ಪ್ರಾಣಿಗಳೆಂಬಲ್ಲಿ ಆನೆ ಹುಲಿಗಳೂ ಸೇರುವುವೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸೇರಬಾರದೆನ್ನಲು ನನಗೆ ಕಾರಣ ತೋರದು.

ಈ ವಿವಾದವು ಪಂಡಿತರ ಜಗಲಿಯಲ್ಲಿ ಉಳಿದಿದ್ದರೆ ಚಿಂತೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಸರ್ಕಾರದ ಕಚೇರಿಗೆ ಬಂದಿತು. ೧೮೬೪ರಲ್ಲಿ ಇಂಡಿಯಾದ ಅರಣ್ಯಗಳ ಮೊದಲನೆಯ ಇನ್‌ಸ್ಪೆಕ್ಟರ್ ಜನರಲ್ ಆದ ಜರ್ಮನ್ ವಿದ್ವಾಂಸ ಬ್ರಾಂಡಿಸನು ಜನರ ರೂಢಿಯ ಹಕ್ಕುಗಳನ್ನು ಮನ್ನಿಸಿ ಕಾಯಿದೆ ಮಾಡಬೇಕೆಂದನು. ಬೇಡನ್ ಪೊವೆಲ್ಲನು, ಪೌರಸ್ತ್ಯರಾಜರ ಪುರಾತನ ಪದ್ಧತಿಯಂತೆ ಸಾಗುವಳಿಯಿಲ್ಲದ ನೆಲವೆಲ್ಲ ಪ್ರಭುವಿನದು, ಜನರು ಅನುಭವಿಸುತ್ತಿದ್ದದ್ದು ಹಕ್ಕಲ್ಲ, ಕೇವಲ ಅನುಗ್ರಹವೆಂದು ವಾದಿಸಿದನು. ೧೮೭೮ರ ಅರಣ್ಯ ಕಾಯಿದೆಯಲ್ಲಿ ಎರಡನೆಯವನ ಪಕ್ಷವೇ ಮೇಲಾಯಿತು. ಪುರಾತನ ಪದ್ಧತಿಯೆಂಬ ಹೆಸರಿನಲ್ಲಿ ಕಾತ್ಯಾಯನನ ಮತವು ನಿಂತು ಜೈಮಿನಿಯ ಮತವು ಕೇಳುವವರಿಲ್ಲದೆ ಹೋಯಿತು. ನಮ್ಮ ಪಂಡಿತರನ್ನು ಯಾರೂ ಕೇಳಲಿಲ್ಲವೆಂಬುದು ಒಂದು ಕಡೆ, ನಮ್ಮವರು ತಾವಾಗಿ ಹೇಳಲೂ ಇಲ್ಲವೆಂಬುದು ಇನ್ನೊಂದು ಕಡೆ. ಮೈಸೂರು ಸೀಮೆಯಲ್ಲಿ ೧೯೦೦ರ ಅರಣ್ಯ ರೆಗ್ಯುಲೇಷನ್ನೂ, ಏಕೀಕರಣದ ತರುವಾಯ ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯೂ ಇದೇ ಜಾಡಿನಲ್ಲಿ ನಡೆದುವು.

ಈ ಸಂದರ್ಭದಲ್ಲಿ ಎಚ್. ವಿ. ನಂಜುಂಡಯ್ಯನವರನ್ನು ನೆನೆಯದೆ ಮುಂದೆ ಹೋಗಲಾಗದು. ಅವರು ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು. ಕನ್ನಡದಲ್ಲಿ ವ್ಯವಹಾರದೀಪಿಕೆಯೆಂಬ ನ್ಯಾಯಗ್ರಂಥವನ್ನು ಬರೆದವರು. ೧೯೧೫ರಲ್ಲಿ ಸಾಹಿತ್ಯ ಪರಿಷತ್ತಿನ ಮೊದಲನೆಯ ಅಧ್ಯಕ್ಷರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳು. ಸಂಸ್ಥಾನದ ಜನಾಂಗಶೋಧನೆಯ ಮೇಲ್ವಿಚಾರಣೆಯೂ ಅವರ ಕೈಯಲ್ಲಿಯೇ ಇತ್ತು. ಅವರು ೧೯೨೦ರಲ್ಲಿ ತೀರಿಕೊಂಡ ಮೇಲೆ ಅನಂತಕೃಷ್ಣ ಅಯ್ಯರ್ ಅವರು ಆ ಸಾಮಗ್ರಿಯನ್ನು ಬೆಳೆಸಿ, ಮೈಸೂರಿನ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತ ನಾಲ್ಕು ಸಂಪುಟಗಳನ್ನಾಗಿ ೧೯೨೮ರಿಂದ ೧೯೩೫ರೊಳಗೆ ವಿಶ್ವವಿದ್ಯಾನಿಲಯದಿಂದ ಹೊರತಂದರು. ಇರುಳಿಗ, ಸೋಲಿಗ, ಕಾಡುಕುರುಬರ ವೃತ್ತಾಂತಗಳು ಅದರಲ್ಲುಂಟು. ನ್ಯಾಯಾಸನ, ವಿಶ್ವವಿದ್ಯಾನಿಲಯ, ಕಾಡಿನವರ ವೃತ್ತಾಂತ ಮೂರೂ ಒಬ್ಬ ಪುರುಷನಲ್ಲಿ ಕೂಡಿದ್ದುವು. ಆದರೂ ಒಂದು ಲೇಖನಿಯಿಂದ ಬರೆದದ್ದನ್ನು ಇನ್ನೊಂದು ಓದಲಿಲ್ಲ. ಕುಲದ ಯಜಮಾನನ ನ್ಯಾಯಪಂಚಾಯಿತಿಯು ಜನಾಂಗವರ್ಣನೆಯ ಪುಟದಲ್ಲಿ ಆಚಾರವಾಗಿ ಉಳಿಯಿತೇ ಹೊರತು ನ್ಯಾಯಾಲಯದ ಪುಟದಲ್ಲಿ ಧರ್ಮವಾಗಲಿಲ್ಲ. ಇದು ಆ ಮಹನೀಯರ ಮೇಲಿನ ದೂರಲ್ಲ; ಕಾಲದ ಏರ್ಪಾಡೇ ಹಾಗಿತ್ತು.

ಸ್ವಾತಂತ್ರ್ಯಾನಂತರದ ಸಂಗತಿಗಳನ್ನು ಕಾನೂನಿನ ಅಧ್ಯಾಪಕರು ವಿಸ್ತಾರವಾಗಿ ಬೋಧಿಸುವರು. ನಾನು ನನ್ನ ವಾದಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳುವೆನು. ರಾಜ್ಯಾಂಗದ ಐದನೆಯ ಅನುಸೂಚಿಯ ಕ್ಷೇತ್ರವು ಕರ್ನಾಟಕದಲ್ಲಿ ಒಂದೂ ಇಲ್ಲ. ಆದ್ದರಿಂದ ಬುಡಕಟ್ಟಿನ ಗ್ರಾಮಸಭೆಗಳಿಗೆ ಬಲ ಕೊಟ್ಟ ೧೯೯೬ರ ಕಾಯಿದೆ ಇಲ್ಲಿಗೆ ಅನ್ವಯಿಸದು. ನಾಗರಹೊಳೆಯ ಕಾಡಿನೊಳಗೆ ಒಂದು ಹೋಟೆಲು ಸಂಸ್ಥೆಗೆ ನೆಲವನ್ನು ಗುತ್ತಿಗೆ ಕೊಟ್ಟಾಗ ಅಲ್ಲಿನ ಬುಡಕಟ್ಟಿನವರ ಸಮಿತಿಯು ಉಚ್ಚನ್ಯಾಯಾಲಯಕ್ಕೆ ಹೋಗಿ ೧೯೯೭ರಲ್ಲಿ ಗೆದ್ದಿತು. ತೀರ್ಪನ್ನು ಓದಿದ ವಿದ್ಯಾರ್ಥಿಗಳು ತಾವೇ ಕಂಡುಕೊಂಡದ್ದೇನೆಂದರೆ, ಗೆದ್ದದ್ದು ಅವರ ಹಕ್ಕಲ್ಲ, ಕೇಂದ್ರಸರ್ಕಾರದ ಅನುಮತಿಯಿಲ್ಲದೆ ಅರಣ್ಯದ ನೆಲವನ್ನು ಬೇರೆ ಕೆಲಸಕ್ಕೆ ಕೊಡಬಾರದೆಂಬ ೧೯೮೦ರ ಕಾಯಿದೆಯು. ವನಗೋಚರನು ಅಲ್ಲಿಯೂ ಒಂದು ಬಗೆಯಲ್ಲಿ ಬೇರೊಬ್ಬರ ಸೀಮೆಗೆ ಸಾಕ್ಷಿಯಾಗಿಯೇ ನಿಂತಿದ್ದನು.

ಅವನನ್ನು ವಾದಿಯ ಸ್ಥಾನಕ್ಕೆ ತಂದದ್ದು ೨೦೦೬ರ ಅರಣ್ಯಹಕ್ಕುಗಳ ಕಾಯಿದೆ. ಹಕ್ಕಿನ ಅರ್ಜಿಯನ್ನು ಮೊದಲು ವಿಚಾರಿಸತಕ್ಕದ್ದು ಗ್ರಾಮಸಭೆಯೆಂದು ಅದು ವಿಧಿಸಿತು. ಬೃಹಸ್ಪತಿಯ ಅರಣ್ಯಸಭೆಗೆ ಇದಕ್ಕಿಂತ ಸಮೀಪವಾದ ವಿಧಿಯು ನಮ್ಮ ಕಾಲದಲ್ಲಿ ನನಗೆ ಕಂಡಿಲ್ಲ. ಪರಿಶಿಷ್ಟ ಪಂಗಡದವರು ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದಿನಿಂದ ನೆಲದ ಮೇಲಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೋ ಆ ದಿನಕ್ಕೆ ಹಿಂದೆ ಮೂರು ತಲೆಮಾರು ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ವಿಜ್ಞಾನೇಶ್ವರನನ್ನು ಕಾಡಿದ ಮಾತೇ ಇಲ್ಲಿ ಮರಳಿ ಬಂದಿತು! ಅವನು ಮೂರು ತಲೆಮಾರೆಂಬುದನ್ನು ಸ್ಮರಣೆಯ ಮೇರೆಗೆ ಸಂಕೇತವೆಂದರೆ, ಕಾಯಿದೆಯು ತಲೆಮಾರಿಗೆ ೨೫ ವರ್ಷವೆಂದು ಕಟ್ಟಿ ೭೫ ವರ್ಷವೆಂದು ಲೆಕ್ಕ ಹಾಕಿತು. ನೂರಕ್ಕೆ ಬದಲು ಎಪ್ಪತ್ತೈದಾದದ್ದರಿಂದ ಅರ್ಜಿದಾರನಿಗೆ ಲಾಭವೆಂದು ತೋರಬಹುದು. ಹಾಗಲ್ಲ. ನೂರು ವರ್ಷವೆಂದವನು ಅದರಾಚೆಗೆ ಪತ್ರವನ್ನು ಕೇಳಬೇಡವೆನ್ನುವುದಕ್ಕಾಗಿ ಹೇಳಿದನು. ಎಪ್ಪತ್ತೈದೆಂದವರು ಅದನ್ನು ರುಜುವಾತುಪಡಿಸೆಂದು ಹೇಳಿದರು.

ರುಜುವಾತಿನ ವಿಷಯದಲ್ಲಿ ಕಾಯಿದೆಯ ನಿಯಮಗಳು ಕೃಪಣವಾಗಿಲ್ಲವೆಂಬುದನ್ನೂ ಹೇಳಬೇಕು. ಹದಿಮೂರನೆಯ ನಿಯಮವು ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬದು, ಬಾವಿ, ಸಮಾಧಿ, ದೇವಸ್ಥಾನಗಳನ್ನೂ, ವಂಶಾವಳಿಯನ್ನೂ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟದ್ದನ್ನೂ ಪ್ರಮಾಣವೆಂದು ಒಪ್ಪುತ್ತದೆ. ಇಂಥ ದಾಖಲೆಯೇ ಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯಬಾರದೆಂದು ೨೦೧೨ರ ತಿದ್ದುಪಡಿಯು ಸೇರಿಸಿತು. ಇಷ್ಟಿದ್ದರೂ, ೨೦೧೯ರ ಫೆಬ್ರವರಿಯಲ್ಲಿ ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತೆ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿದಾಗ, ಕರ್ನಾಟಕದಲ್ಲಿ ತಿರಸ್ಕೃತವಾದ ಅರ್ಜಿಗಳು ೧,೭೫,೦೦೦ಕ್ಕೆ ಮೇಲ್ಪಟ್ಟಿದ್ದುವು. ಅವುಗಳಲ್ಲಿ ೧,೪೦,೦೦೦ಕ್ಕೂ ಹೆಚ್ಚು ಮೂರು ತಲೆಮಾರನ್ನು ತೋರಿಸಬೇಕಾದವರವು. ಅದೇ ತಿಂಗಳ ೨೮ರಂದು ಆ ಆಜ್ಞೆಗೆ ತಡೆ ಬಂದಿತು. ಭುಕ್ತಿಪ್ರಕರಣವು ಕೇವಲ ಗ್ರಂಥವಿಚಾರವೆಂದು ಭಾವಿಸಿದ್ದ ನನಗೆ ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದ ದಿನ ಪಾಠವನ್ನು ಮುಂದುವರಿಸಲು ಕಷ್ಟವಾಯಿತು.

ಪರದೇಶದ ಒಂದು ಉದಾಹರಣೆಯು ವಿದ್ಯಾರ್ಥಿಗಳಿಗೆ ಹಿಡಿಸಿತು. ಕೆನಡಾ ದೇಶದ ಡೆಲ್ಗಮೂಕ್ ವ್ಯಾಜ್ಯದಲ್ಲಿ ಆದಿವಾಸಿ ಮುದುಕಿಯೊಬ್ಬಳು ತನ್ನ ಕುಲದ ಭೂಮಿಗೆ ಪ್ರಮಾಣವಾಗಿ ಹಾಡೊಂದನ್ನು ಹಾಡಹೊರಟಾಗ, ತನ್ನದು ತಗಡಿನ ಕಿವಿ, ಹಾಡಿ ಪ್ರಯೋಜನವಿಲ್ಲವೆಂದು ನ್ಯಾಯಾಧೀಶನು ಹೇಳಿದನು. ೧೯೯೭ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಬಾಯಿಂದ ಬಾಯಿಗೆ ಬಂದ ಇತಿಹಾಸವನ್ನು ಲಿಖಿತದ ಸಮಾನವಾಗಿ ತೂಗಬೇಕೆಂದು ಕೆಳಗಿನ ತೀರ್ಪನ್ನು ತಿರುಗಿಸಿತು.

ನಮ್ಮಲ್ಲಿಯೂ ಅಂಥದೊಂದು ನಡೆದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಕುಲವಾರಾಗಿ ಹಂಚಿಕೊಂಡ ಒಂದೊಂದು ಪ್ರದೇಶಕ್ಕೂ 'ಎಲ್ಲೆ' ಎನ್ನುವರು. ನಮಗೆ ಎಲ್ಲೆಯೆಂದರೆ ಸುತ್ತಲಿನ ಗೆರೆ. ಅವರಿಗೆ ಗೆರೆಯೊಳಗಿನ ನೆಲವೂ ಎಲ್ಲೆಯೇ. ಪ್ರತಿಯೊಂದು ಎಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ ಇವು ಇರುವುವು. ಕಾಯಿದೆ ಬಂದ ಮೇಲೆ ಸೋಲಿಗ ಹಿರಿಯರು ಸಂಶೋಧಕರೊಡನೆ ಕಾಡೆಲ್ಲ ನಡೆದು ಇಂಥ ನೂರಾರು ಸ್ಥಳಗಳನ್ನು ತೋರಿಸಿ ನಕ್ಷೆಯನ್ನು ಮಾಡಿಸಿದರು. ೨೦೧೧ರ ಜನವರಿಯಲ್ಲಿ ಆ ಕಾಡು ಹುಲಿಯ ಸಂರಕ್ಷಿತಪ್ರದೇಶವಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ೨೫ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕು ದೊರೆಯಿತು. ಕೆಂಪು ಮಾಲೆಯಿರಲಿಲ್ಲ, ತಲೆಯ ಮೇಲೆ ಮಣ್ಣಿರಲಿಲ್ಲ. ಉಪಗ್ರಹದಿಂದ ದಿಕ್ಕು ತಿಳಿಯುವ ಒಂದು ಸಣ್ಣ ಯಂತ್ರವು ಕೈಯಲ್ಲಿತ್ತು. ಮಿಕ್ಕದ್ದೆಲ್ಲ ಸೀಮಾವಿವಾದಪ್ರಕರಣದಲ್ಲಿ ಹೇಳಿದಂತೆಯೇ ನಡೆಯಿತು. ಭೇದವೊಂದೇ: ಇಲ್ಲಿ ಸಾಕ್ಷಿಗಳು ತೋರಿಸಿದ್ದು ತಮ್ಮ ಎಲ್ಲೆಯನ್ನು. ವಿದ್ಯಾರ್ಥಿನಿಯ ಪ್ರಶ್ನೆಯ ಮೊದಲರ್ಧಕ್ಕೆ ಇದನ್ನೇ ಉತ್ತರವಾಗಿ ಕೊಟ್ಟೆನು.

ಉಳಿದರ್ಧಕ್ಕಾಗಿ ದೂರ ಹೋಗಬೇಕಾಗಲಿಲ್ಲ. ಜಯನಗರದಿಂದ ಬನ್ನೇರುಘಟ್ಟದ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ೧೯೭೪ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಬರುತ್ತದೆ. ಅದರ ಅಂಚಿನಲ್ಲಿಯೂ, ಕನಕಪುರ ರಾಮನಗರ ಮಾಗಡಿಗಳ ಕಡೆಗೂ ಇರುಳಿಗರ ಹಟ್ಟಿಗಳಿವೆ. ಪಾಠಕ್ರಮದ ಕೊನೆಗೆ ತರಗತಿಯನ್ನು ಅಂಥದೊಂದು ಹಟ್ಟಿಗೆ ಕರೆದೊಯ್ದರು, ನಾನೂ ಹೋದೆನು. ವಯಸ್ಸಾದವರೊಬ್ಬರು ಕಾಡಂಚಿನ ಬೇಲಿಯ ಬಳಿ ನಿಂತು, ಒಳಗಿನ ಒಂದು ದಿಣ್ಣೆಯನ್ನು ತೋರಿಸಿ, ತಮ್ಮ ತಾತನನ್ನು ಅಲ್ಲಿ ಹೂಳಿದೆಯೆಂದೂ, ಮೇಲೆ ಇಟ್ಟ ಕಲ್ಲು ಈಗಲೂ ಇರಬಹುದೆಂದೂ ಹೇಳಿದರು. ವಿದ್ಯಾರ್ಥಿಗಳು ಬರೆದುಕೊಂಡರು. ಹಿಂದಿರುಗುವಾಗ ಅವರೊಳಗೆ ಚರ್ಚೆ ಹುಟ್ಟಿತು. ಆ ಹಿರಿಯರೇ ಅರ್ಜಿದಾರರೂ ಆದ್ದರಿಂದ ಅವರ ಮಾತು ಹದಿಮೂರನೆಯ ನಿಯಮದ ಹಿರಿಯರ ಹೇಳಿಕೆಯಾಗದು. ಅವರ ಓರಗೆಯವರು ಹಟ್ಟಿಯಲ್ಲಿ ಉಳಿದಿರಲಿಲ್ಲ. ಸಮಾಧಿಯ ಕಲ್ಲನ್ನು ನೋಡಿ ಬರಲು ಬೇಲಿಯನ್ನು ದಾಟಬೇಕು, ದಾಟಲು ಅಪ್ಪಣೆ ಬೇಕು.

ಆಗ ನನಗೆ ನಂಜುಂಡಯ್ಯನವರ ಸಂಪುಟಗಳು ನೆನಪಾದುವು. ಪ್ರತಿಷ್ಠಿತ ಸಂಸ್ಥೆಗಳು ಜನರ ಆಚಾರಗಳನ್ನು ಶೋಧಿಸಿ ಬರೆದಿಟ್ಟ ಗ್ರಂಥಗಳೂ ಪ್ರಮಾಣವೆಂದು ಅದೇ ನಿಯಮವು ಹೇಳುತ್ತದೆ. ವಿಶ್ವವಿದ್ಯಾನಿಲಯವು ಪ್ರಕಟಿಸಿದ ಇರುಳಿಗರ ವೃತ್ತಾಂತವನ್ನು ಮುಂದಿಡಲು ಅವಕಾಶವುಂಟು. ಅದೊಂದೇ ಸಾಲದು, ಒಂದಕ್ಕಿಂತ ಹೆಚ್ಚು ಪ್ರಮಾಣಗಳನ್ನು ನೋಡಬೇಕೆಂದು ನಿಯಮವಿದೆ. ಆ ವೃತ್ತಾಂತವು ಜನಾಂಗದ್ದೇ ಹೊರತು ಒಂದು ಹಟ್ಟಿಯದಲ್ಲವೆಂದೂ ಎದುರುಪಕ್ಷದವರು ಹೇಳಬಹುದು. ಆದರೂ ಆ ಪ್ರಕರಣವನ್ನು ಕನ್ನಡಕ್ಕೆ ತಿರುಗಿಸಿ ಹಟ್ಟಿಯ ಗ್ರಾಮಸಭೆಗೆ ಕೊಡುವ ಕೆಲಸವನ್ನು ನಾಲ್ವರು ವಿದ್ಯಾರ್ಥಿಗಳು ವಹಿಸಿಕೊಂಡಿರುವರು. ಭಾಷೆಯನ್ನು ತಿದ್ದುವುದು ನನ್ನ ಪಾಲಿಗೆ ಬಂದಿದೆ. ಮುಂದಿನ ವರ್ಷದ ಆರು ಉಪನ್ಯಾಸಗಳಲ್ಲಿ ಸೀಮಾವಿವಾದವನ್ನು ಮೊದಲಿಗೆ ತಂದು, ಹೆಸರುಗಳ ಚರ್ಚೆಯನ್ನು ಕೊನೆಗೆ ತಳ್ಳಿರುವೆನು.